ಬೀಗ ಕಳಚಿದರೆ ಹೊಣೆ ಕಳಚೀತೇ?

ಪರವಸ್ತುವನ್ನು ಅಪಹರಿಸಬಾರದೆಂಬುದು ಸರ್ವಸಮ್ಮತವಾದ ನೀತಿ. ಕಳ್ಳತನ ಮಾಡಬಾರದೆಂದು ತಿಳಿಸಲು ವಿಶೇಷವಾದ ಶಾಸ್ತ್ರಜ್ಞಾನವು ಬೇಕಾಗಿಲ್ಲ. ರಾಜದಂಡದ ಭಯವೇ ಅದಕ್ಕೆ ಸಾಕು. ಆದರೆ ಪರವಸ್ತುವಿನ ವಿಷಯದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಧರ್ಮವುಂಟು. ಒಡೆಯನ ಒಪ್ಪಿಗೆಯಿಂದಲೇ ಒಂದು ವಸ್ತುವನ್ನು ತೆಗೆದುಕೊಂಡು, ಅದರಿಂದ ತನ್ನ ಕಾರ್ಯವನ್ನು ಸಾಧಿಸಿಕೊಂಡ ಬಳಿಕ, ಅದನ್ನು ಅದರ ಸ್ಥಾನಕ್ಕೆ ಮರಳಿ ಸೇರಿಸುವುದೇ ಆ ಧರ್ಮ. ಇದನ್ನು ಮೀರಿದವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಯಾವ ನ್ಯಾಯಸ್ಥಾನವೂ ಅವನನ್ನು ಸೆರೆಗೆ ಕಳುಹಿಸುವುದಿಲ್ಲ. ಶಿಕ್ಷೆಯ ಭಯವಿಲ್ಲದಲ್ಲಿ, ಹೊಗಳುವವರೂ ತೆಗಳುವವರೂ ಇಲ್ಲದಲ್ಲಿ, ಮನುಷ್ಯನು ಏನು ಮಾಡುವನೆಂಬುದರಿಂದಲೇ ಅವನ ಸದಾಚಾರದ ಆಳವನ್ನು ಅಳೆಯಬೇಕು.

ಈ ಸೂಕ್ಷ್ಮ ಧರ್ಮವನ್ನು ಪರೀಕ್ಷಿಸುವ ಒಂದು ಸಣ್ಣ ಸಾಧನವು ಪಾಶ್ಚಾತ್ಯ ದೇಶಗಳ ದೊಡ್ಡ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿದೆ. ಅದು ಕೊಂಡ ಸಾಮಾನುಗಳನ್ನು ತುಂಬಿ ತಳ್ಳಿಕೊಂಡು ಹೋಗುವ ಟ್ರಾಲಿ ಎಂಬ ಗಾಡಿ. ಅದಕ್ಕೊಂದು ಬೀಗ; ಆ ಬೀಗಕ್ಕೆ ಒಂದು ನಾಣ್ಯದ ಠೇವಣಿ. ಗಾಡಿಯನ್ನು ಮರಳಿ ತಂದು ನಿಲ್ಲಿಸಿದವನಿಗೆ ಅವನ ನಾಣ್ಯವು ಮರಳಿ ದೊರೆಯುತ್ತದೆ. ವ್ಯವಸ್ಥೆಯು ಇಷ್ಟೇ. ಆದರೆ ಈ ಗಾಡಿಯನ್ನು ಮರಳಿ ನಿಲ್ಲಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಬಿಡಿಸಹೊರಟರೆ ಋಣವೆಂದರೇನು, ಹಣವೆಂದರೇನು, ಕರ್ತವ್ಯವೆಂದರೇನು ಎಂಬ ವಿಚಾರಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಮಕ್ಕಳೋ ಮೊಮ್ಮಕ್ಕಳೋ ಜರ್ಮನಿ, ಇಂಗ್ಲೆಂಡು, ಅಮೆರಿಕಗಳಲ್ಲಿ ನೆಲೆಸಿರುವ ಭಕ್ತರ ಮನೆಗಳು ಇಂದು ಅನೇಕವಾಗಿವೆ. ಅವರನ್ನು ನೋಡಲು ಹೋದ ಹಿರಿಯರು ಈ ಗಾಡಿಯ ಹಿಡಿಕೆಯನ್ನು ಹಿಡಿಯದೆ ಬಂದಿರಲಾರರು. ಆದುದರಿಂದ ಈ ವಿಚಾರವು ಗೃಹಸ್ಥರಿಗೆ ತೀರ ದೂರವಾದುದಲ್ಲ.

ಮೊದಲು ವಸ್ತುವಿನ ವೃತ್ತಾಂತವನ್ನು ತಿಳಿಯುವುದು ಯುಕ್ತ. ಅಮೆರಿಕ ದೇಶದ ಓಕ್ಲಹೋಮ ನಗರದಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ವರ್ತಕನಿದ್ದನು. ಗಿರಾಕಿಗಳ ಕೈಯ ಬುಟ್ಟಿಯು ಭಾರವಾದೊಡನೆ ಅವರು ಕೊಳ್ಳುವುದನ್ನು ನಿಲ್ಲಿಸುವರೆಂಬುದನ್ನು ಅವನು ಕಂಡುಕೊಂಡನು. ಮಡಿಸುವ ಕುರ್ಚಿಯೊಂದನ್ನು ನೋಡಿ ಅವನಿಗೆ ಒಂದು ಉಪಾಯ ಹೊಳೆಯಿತು. ಕುರ್ಚಿಯ ಕಾಲುಗಳಿಗೆ ಗಾಲಿಗಳನ್ನು ಜೋಡಿಸಿ, ಮೇಲೊಂದು ಕೆಳಗೊಂದು ಬುಟ್ಟಿಯನ್ನಿರಿಸಿದರೆ ಭಾರವನ್ನು ನೆಲವೇ ಹೊರುವುದಷ್ಟೆ! 1937ರಲ್ಲಿ ಅವನು ಇಂತಹ ಗಾಡಿಗಳನ್ನು ತನ್ನ ಅಂಗಡಿಯಲ್ಲಿ ಇರಿಸಿದಾಗ ಜನರು ಅವುಗಳನ್ನು ಮುಟ್ಟಲಿಲ್ಲ. ಬುಟ್ಟಿ ಹೊರಲಾರದ ದುರ್ಬಲರೆನ್ನಿಸಿಕೊಳ್ಳಲು ತರುಣರಿಗೆ ಸಂಕೋಚ. ಮಕ್ಕಳ ಗಾಡಿಯನ್ನು ತಳ್ಳಿದ್ದೇ ಸಾಕೆಂದು ಹೆಂಗಸರಿಗೆ ಬೇಸರ. ಕಡೆಗೆ ಅವನು ಸಂಬಳ ಕೊಟ್ಟು ಕೆಲವರಿಂದ ಗಾಡಿಗಳನ್ನು ತಳ್ಳಿಸುತ್ತ ಅಂಗಡಿಯಲ್ಲಿ ಓಡಾಡಿಸಿದನಂತೆ. ಅವರನ್ನು ನೋಡಿ ಉಳಿದವರೂ ತಳ್ಳತೊಡಗಿದರು. ಮುಂದೆ 1946ರಲ್ಲಿ ಕ್ಯಾನ್ಸಾಸ್ ನಗರದ ಆರ್ಲಾ ವಾಟ್ಸನ್ ಎಂಬುವನು ಗಾಡಿಯ ಬುಟ್ಟಿಯ ಹಿಂಬದಿಗೆ ತೂಗಾಡುವ ಕದವನ್ನಿರಿಸಿ, ಒಂದರೊಳಗೊಂದು ಸೇರಿಕೊಳ್ಳುವ ಗಾಡಿಗಳನ್ನು ರಚಿಸಿದನು. ಅಂದಿನಿಂದ ಬಹಳ ಗಾಡಿಗಳು ಸ್ವಲ್ಪ ಸ್ಥಳದಲ್ಲಿ ನಿಲ್ಲುವಂತಾದುವು.

ಗಾಡಿಯು ಅಂಗಡಿಯ ಒಳಗಿರುವವರೆಗೆ ತೊಂದರೆಯಿಲ್ಲ. ಜನರು ಕಾರುಗಳಲ್ಲಿ ಬರತೊಡಗಿದ ಮೇಲೆ ಅದು ಬಾಗಿಲನ್ನು ದಾಟಿ ಕಾರು ನಿಲ್ಲಿಸುವ ಬಯಲಿಗೆ ಬಂದಿತು. ಸಾಮಾನುಗಳನ್ನು ಕಾರಿಗೆ ತುಂಬಿಯಾದ ಮೇಲೆ ಬರಿದಾದ ಗಾಡಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೋಗಲು ಬೇಸರ. ಕೆಲವರು ಅಲ್ಲಿಯೇ ಬಿಟ್ಟರು. ಕೆಲವರು ಮನೆಯವರೆಗೂ ತಳ್ಳಿಕೊಂಡು ಹೋಗಿ ಬೀದಿಯ ಮೂಲೆಯಲ್ಲಿ ತೊರೆದರು. ಬಿಟ್ಟ ಗಾಡಿಯು ಗಾಳಿಗೆ ಉರುಳಿ ಪರರ ಕಾರನ್ನು ತಾಗುವುದುಂಟು. ಅಂಗವಿಕಲರಿಗಾಗಿ ಮೀಸಲಾದ ಸ್ಥಳವನ್ನು ಅಡ್ಡಗಟ್ಟುವುದುಂಟು. ಹಳ್ಳಕೊಳ್ಳಗಳಿಗೆ ಬಿದ್ದು ತುಕ್ಕು ಹಿಡಿಯುವುದೂ ಉಂಟು.

ಇದನ್ನು ತಡೆಯಲು ಬಂದುದೇ ನಾಣ್ಯದ ಬೀಗ. ಅದರ ರಚನೆಯು ಮನನೀಯವಾಗಿದೆ. ಪ್ರತಿಯೊಂದು ಗಾಡಿಯ ಹಿಡಿಕೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಅದಕ್ಕೊಂದು ಗಿಡ್ಡ ಸರಪಣಿ. ಸರಪಣಿಯ ತುದಿಯಲ್ಲೊಂದು ಕೀಲಿ. ಸಾಲಿನಲ್ಲಿ ನಿಂತಾಗ ಒಂದು ಗಾಡಿಯ ಕೀಲಿಯು ಪಕ್ಕದ ಗಾಡಿಯ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಗಿರಾಕಿಯು ನಾಣ್ಯವನ್ನು ಪೆಟ್ಟಿಗೆಯ ಸೀಳಿನೊಳಕ್ಕೆ ಒತ್ತಿದರೆ ಕೀಲಿಯು ಹೊರಕ್ಕೆ ಬಂದು ಗಾಡಿಯು ಬಿಡುಗಡೆಯಾಗುತ್ತದೆ. ಮರಳಿ ತಂದು ನಿಲ್ಲಿಸಿ ನೆರೆಯ ಗಾಡಿಯ ಕೀಲಿಯನ್ನು ಪೆಟ್ಟಿಗೆಗೆ ಸೇರಿಸಿದರೆ ನಾಣ್ಯವು ಹೊರಕ್ಕೆ ಬರುತ್ತದೆ. ತನ್ನದು ತನಗೆ ದೊರೆಯಬೇಕಾದರೆ ನೆರೆಯದರೊಡನೆ ಸೇರಿಕೊಳ್ಳಲೇಬೇಕು! ಜರ್ಮನಿಯಲ್ಲಿ ಹಿಂದೆ ಒಂದು ಮಾರ್ಕಿನ ನಾಣ್ಯವನ್ನು ಹಾಕುತ್ತಿದ್ದರು; 2002ರಲ್ಲಿ ಯೂರೋ ನಾಣ್ಯಗಳು ಚಲಾವಣೆಗೆ ಬಂದ ಮೇಲೆ ಐವತ್ತು ಸೆಂಟಿನ ಅಥವಾ ಒಂದೆರಡು ಯೂರೋಗಳ ನಾಣ್ಯವನ್ನು ಹಾಕುತ್ತಾರೆ. ಇಂಗ್ಲೆಂಡಿನಲ್ಲಿ ಒಂದು ಪೌಂಡು. ಜರ್ಮನಿಯ ಆಲ್ಡಿ ಎಂಬ ವ್ಯಾಪಾರ ಸಂಸ್ಥೆಯು 1976ರಲ್ಲಿ ಅಮೆರಿಕಕ್ಕೆ ಕಾಲಿಟ್ಟಿತು. ಅಲ್ಲಿಯ ಅದರ ಅಂಗಡಿಗಳಲ್ಲಿ ಇಪ್ಪತ್ತೈದು ಸೆಂಟಿನ ನಾಣ್ಯವನ್ನು ಹಾಕಬೇಕು. ಗಾಡಿಗಳನ್ನು ಒಟ್ಟುಗೂಡಿಸಲು ಆಳುಗಳನ್ನು ಇಡಬೇಕಾಗಿಲ್ಲವಾದುದರಿಂದ ಆ ಉಳಿತಾಯದಿಂದ ಸಾಮಾನಿನ ಬೆಲೆಯನ್ನು ಇಳಿಸಬಹುದೆಂಬುದು ಆ ಸಂಸ್ಥೆಯ ವಾದ.

ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗವು ಈ ವಿಷಯದ ಮರ್ಮವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಅಲ್ಲಿಯ ಸರಕಾರವು 2017ನೆಯ ಮಾರ್ಚಿಯಲ್ಲಿ ಹನ್ನೆರಡು ಮೂಲೆಗಳ ಹೊಸ ಪೌಂಡು ನಾಣ್ಯವನ್ನು ಹೊರಡಿಸಿತು; ಹಳೆಯ ದುಂಡು ನಾಣ್ಯವು ಅದೇ ವರ್ಷದ ಅಕ್ಟೋಬರ್ 15ರಂದು ಚಲಾವಣೆಯಿಂದ ನಿಂತಿತು. ಗಾಡಿಗಳ ಬೀಗಗಳನ್ನು ಹೊಸ ನಾಣ್ಯಕ್ಕೆ ಹೊಂದುವಂತೆ ಮಾರ್ಪಡಿಸಬೇಕಾಗಿತ್ತು. ಆದರೆ ಒಂದು ದೊಡ್ಡ ವ್ಯಾಪಾರ ಸಂಸ್ಥೆಯ ಸುಮಾರು 200 ಅಂಗಡಿಗಳಲ್ಲಿ ಆ ಕೆಲಸವು ಸಕಾಲಕ್ಕೆ ಮುಗಿಯಲಿಲ್ಲ. ಗಿರಾಕಿಗಳಿಗೆ ತೊಂದರೆಯಾಗದಿರಲೆಂದು ಅಲ್ಲಿಯ ಗಾಡಿಗಳ ಬೀಗಗಳನ್ನು ತೆರೆದೇ ಇಡಲು ಆ ಸಂಸ್ಥೆಯು ನಿಶ್ಚಯಿಸಿತು. ನಿನ್ನೆಯವರೆಗೆ ನಾಣ್ಯಕ್ಕಾಗಿ ಗಾಡಿಯನ್ನು ಮರಳಿಸುತ್ತಿದ್ದವನ ಮುಂದೆ ಇಂದು ಬೀಗವಿಲ್ಲದ ಗಾಡಿ ನಿಂತಿತು. ಬೀಗವು ಕಳಚಿತು ನಿಜ, ಹೊಣೆಯೂ ಕಳಚಿತೇ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡವನಿಗೆ ಉಳಿದುದೆಲ್ಲವೂ ತಾನಾಗಿಯೇ ತಿಳಿಯುವುದು.

ಗಾಡಿಯನ್ನು ಮರಳಿಸುವ ಹೊಣೆಯ ವಿಷಯದಲ್ಲಿ ಲೋಕದಲ್ಲಿ ಮೂರು ಪಕ್ಷಗಳಿವೆ. ಗಾಡಿಯ ಒಡೆಯನಾದ ವರ್ತಕನದೇ ಹೊಣೆಯೆಂಬುದು ಮೊದಲನೆಯ ಪಕ್ಷ. ಅದನ್ನು ಒಟ್ಟುಗೂಡಿಸಲು ಸಂಬಳ ಪಡೆಯುವ ಆಳಿನದೆಂಬುದು ಎರಡನೆಯದು. ಉಪಯೋಗಿಸಿದ ಗಿರಾಕಿಯದೆಂಬುದು ಮೂರನೆಯದು. ಒಂದೊಂದನ್ನೂ ಪಕ್ಷಪಾತವಿಲ್ಲದೆ ವಿಚಾರಿಸಬೇಕು.

ವರ್ತಕನ ಹೊಣೆಯೆಂಬ ಮಾತಿಗೆ ಕಾಯಿದೆಯ ಬೆಂಬಲವುಂಟು. ಬ್ರಿಟನ್ನಿನ 1990ರ ಪರಿಸರ ಸಂರಕ್ಷಣೆಯ ಕಾಯಿದೆಯು ಬೀದಿಯಲ್ಲಿ ಬಿಟ್ಟುಹೋದ ಗಾಡಿಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. 2005ರ ಇನ್ನೊಂದು ಕಾಯಿದೆಯು ಅದರ ವೆಚ್ಚವನ್ನು ಒಡೆಯನಿಂದ ವಸೂಲು ಮಾಡುವ ದಾರಿಯನ್ನು ಬಲಪಡಿಸಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 2021ರಲ್ಲಿ ಆದ ಕಾಯಿದೆಯೂ ಸಾರ್ವಜನಿಕ ಸ್ಥಳದಲ್ಲಿ ಬಿದ್ದ ಗಾಡಿಗಳನ್ನು ತೆಗೆಯಿಸುವ ಹೊಣೆಯನ್ನು ಒಡೆಯನಾದ ಅಂಗಡಿಯವನ ಮೇಲೆಯೇ ಹೊರಿಸಿದೆ. ಇದು ಅನ್ಯಾಯವಲ್ಲ. ಗಾಡಿಯಿಂದ ವ್ಯಾಪಾರವನ್ನು ಬೆಳೆಸಿಕೊಂಡವನು ಗಾಡಿಯ ಕಾವಲನ್ನೂ ನೋಡಿಕೊಳ್ಳಬೇಕು. ಮರಳಿ ನಿಲ್ಲಿಸಲು ಹತ್ತಿರದಲ್ಲಿ ಸ್ಥಳವನ್ನೂ ಒದಗಿಸಬೇಕು. ಆದರೆ ಕಾಯಿದೆಯ ದೃಷ್ಟಿಯೇ ಬೇರೆ, ಧರ್ಮದ ದೃಷ್ಟಿಯೇ ಬೇರೆ. ಕಾಯಿದೆಯು ಕೈಗೆ ಸಿಕ್ಕುವವನನ್ನು ಹಿಡಿಯುತ್ತದೆ. ಗಾಡಿಯ ಮೇಲೆ ಅಂಗಡಿಯ ಹೆಸರು ಬರೆದಿರುತ್ತದೆಯೇ ಹೊರತು ಬಿಟ್ಟುಹೋದವನ ಹೆಸರು ಬರೆದಿರುವುದಿಲ್ಲ. ಕಾಯಿದೆಯ ಕಣ್ಣಿಗೆ ಕಾಣದವನು ತನ್ನ ಮನಸ್ಸಿನ ಕಣ್ಣಿಗೆ ಕಾಣದೆ ಹೋಗುವನೇ?

ಎರಡನೆಯ ಪಕ್ಷದವರ ಮಾತು ಕೇಳಲು ಇಂಪಾಗಿದೆ. “ಗಾಡಿಗಳನ್ನು ಕೂಡಿಸಲೆಂದೇ ಒಬ್ಬನಿದ್ದಾನೆ, ಎಲ್ಲರೂ ಮರಳಿಸಿಬಿಟ್ಟರೆ ಅವನ ಅನ್ನ ಹೋಗುವುದಿಲ್ಲವೆ?” ಎನ್ನುತ್ತಾರೆ. ಪರೋಪಕಾರದ ವೇಷವನ್ನು ತೊಟ್ಟ ಆಲಸ್ಯವಿದು. ಸಾಲಿನಲ್ಲಿ ನಿಂತ ಗಾಡಿಗಳನ್ನು ಅಂಗಡಿಯ ಬಾಗಿಲಿಗೆ ಒಯ್ಯುವುದು ಆ ಆಳಿನ ಕಾಯಕ. ಬಿಸಿಲಿನಲ್ಲಿ, ಹಿಮದಲ್ಲಿ, ಓಡಾಡುವ ಕಾರುಗಳ ನಡುವೆ ಮೂಲೆಮೂಲೆಗಳನ್ನು ಹುಡುಕಿ ಪರರ ಅಲಕ್ಷ್ಯವನ್ನು ಹೆಕ್ಕುತ್ತ ತಿರುಗುವುದು ಕಾಯಕವಲ್ಲ. ಅದು ಇತರರು ಅವನ ಬೆನ್ನಿಗೆ ಹೇರಿದ ಬಿಟ್ಟಿ. ಶರಣರು ಕಾಯಕಕ್ಕೆ ಗೌರವವನ್ನು ತಂದುಕೊಟ್ಟರು. ಬಟ್ಟೆ ಮಡಿ ಮಾಡುವವನನ್ನೂ ಹಗ್ಗ ಹೊಸೆಯುವವನನ್ನೂ ಅನುಭವ ಮಂಟಪದಲ್ಲಿ ಸಮಾನವಾಗಿ ಕುಳ್ಳಿರಿಸಿದರು. ಆದರೆ ಮಡಿವಾಳನಿಗೆ ಕೆಲಸವಿರಲೆಂದು ಬಟ್ಟೆಯನ್ನು ಬೇಕೆಂದೇ ಕೆಸರಿನಲ್ಲಿ ಹೊರಳಿಸುವುದು ಅವನ ಕಾಯಕಕ್ಕೆ ತೋರಿಸಿದ ಗೌರವವಾಗಲಾರದು. ಒಬ್ಬನ ಕಾಯಕವನ್ನು ಗೌರವಿಸುವವನು ಅದರ ಭಾರವನ್ನು ಹಗುರ ಮಾಡುತ್ತಾನೆ.

ಉಳಿದುದು ಮೂರನೆಯ ಪಕ್ಷ. ಗಾಡಿಯನ್ನು ಸ್ವಸ್ಥಾನದಿಂದ ಕದಲಿಸಿದ ಕೈ ಗಿರಾಕಿಯದು. ಅದರಿಂದ ಪ್ರಯೋಜನವನ್ನು ಪಡೆದವನೂ ಅವನೇ. ಆದುದರಿಂದ ಅದನ್ನು ಸ್ವಸ್ಥಾನಕ್ಕೆ ಸೇರಿಸುವ ಹೊಣೆಯೂ ಅವನದೇ ಎಂಬುದು ಸುಲಭವಾಗಿ ಸಿದ್ಧಿಸುತ್ತದೆ. ಆದರೆ ಇಲ್ಲಿಯೇ ನಾಣ್ಯವು ಒಂದು ಹೊಸ ಆಕ್ಷೇಪವನ್ನು ತಂದೊಡ್ಡುತ್ತದೆ. “ನಾಣ್ಯವನ್ನು ಕೊಟ್ಟಿದ್ದೇನೆ. ಅದು ಬೇಡವೆಂದು ಬಿಟ್ಟುಹೋದರೆ ಲೆಕ್ಕ ಸರಿಹೋಯಿತಲ್ಲವೆ? ಗಾಡಿಯನ್ನು ತಂದು ನಿಲ್ಲಿಸಿದವನು ಆ ನಾಣ್ಯವನ್ನು ತೆಗೆದುಕೊಳ್ಳಲಿ” ಎನ್ನುವವನಿಗೆ ಏನೆಂದು ಉತ್ತರ ಕೊಡಬೇಕು? ಹಣವುಳ್ಳವನಿಗೆ ಒಂದು ಪೌಂಡೆಂದರೆ ಎಷ್ಟರದು! ಮಳೆಯ ದಿನ ನೆನೆಯದಿರುವುದಕ್ಕೆ ಅದು ಅಗ್ಗವಾದ ಬೆಲೆಯೆಂದೇ ಅವನಿಗೆ ತೋರುವುದು.

ಈ ಆಕ್ಷೇಪದ ಬಲವನ್ನು ತೋರಿಸುವ ಒಂದು ಪ್ರಯೋಗವು ಇಸ್ರೇಲ್ ದೇಶದ ಹೈಫಾ ನಗರದಲ್ಲಿ ನಡೆಯಿತು. ಅಲ್ಲಿ ಹತ್ತು ಶಿಶುವಿಹಾರಗಳಿದ್ದುವು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಾಯಿತಂದೆಗಳು ತಡವಾಗಿ ಬರುತ್ತಿದ್ದರು. ಅವರು ಬರುವವರೆಗೆ ಉಪಾಧ್ಯಾಯಿನಿಯರು ಕಾದಿರಬೇಕಾಗಿತ್ತು. ಆರು ಶಿಶುವಿಹಾರಗಳಲ್ಲಿ ತಡವಾಗಿ ಬಂದವರಿಗೆ ಹತ್ತು ಶೆಕೆಲ್ ದಂಡವನ್ನು ವಿಧಿಸಲಾಯಿತು. ದಂಡಕ್ಕೆ ಹೆದರಿ ಜನರು ಹೊತ್ತಿಗೆ ಸರಿಯಾಗಿ ಬರುವರೆಂದು ಯಾರಾದರೂ ಭಾವಿಸುವರು. ಆದುದು ವಿಪರೀತ. ತಡವಾಗಿ ಬರುವವರ ಸಂಖ್ಯೆಯು ಹೆಚ್ಚುಕಡಮೆ ಇಮ್ಮಡಿಯಾಯಿತು. ಉರಿ ಗ್ನೀಜಿ, ಆಲ್ಡೋ ರುಸ್ಟಿಕೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಈ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ದಂಡವಿಲ್ಲದಾಗ ಕಾದು ಕುಳಿತ ಉಪಾಧ್ಯಾಯಿನಿಯ ಮುಖವನ್ನು ನೋಡಲು ತಾಯಿತಂದೆಗಳಿಗೆ ನಾಚಿಕೆಯಾಗುತ್ತಿತ್ತು. ದಂಡವು ಬಂದ ಮೇಲೆ ಆ ನಾಚಿಕೆಗೆ ಹತ್ತು ಶೆಕೆಲ್ ಬೆಲೆ ಗೊತ್ತಾಯಿತು. ಬೆಲೆ ಕೊಟ್ಟು ಕೊಂಡ ಮೇಲೆ ನಾಚುವುದೇಕೆ? ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಕೆಲವು ವಾರಗಳ ಬಳಿಕ ದಂಡವನ್ನು ರದ್ದುಪಡಿಸಿದರೂ ತಡವಾಗಿ ಬರುವವರ ಸಂಖ್ಯೆಯು ಮೊದಲಿನ ಪ್ರಮಾಣಕ್ಕೆ ಇಳಿಯಲಿಲ್ಲ. ಒಮ್ಮೆ ಮಾರಿದ ನಾಚಿಕೆಯು ಮರಳಿ ಬರಲಿಲ್ಲ.

ನಾಣ್ಯವನ್ನು ಬಿಟ್ಟುಹೋಗುವವನೂ ಹೀಗೆಯೇ ಮೋಸಹೋಗುತ್ತಾನೆ. ಅವನು ಠೇವಣಿಯನ್ನು ಬೆಲೆಯೆಂದು ತಿಳಿದಿದ್ದಾನೆ. ಬೆಲೆ ಕೊಟ್ಟಲ್ಲಿ ಸಂಬಂಧವು ಮುಗಿಯುತ್ತದೆ. ಠೇವಣಿ ಇಟ್ಟಲ್ಲಿ ಸಂಬಂಧವು ಮೊದಲಾಗುತ್ತದೆ. ಗ್ರಂಥಾಲಯದಲ್ಲಿ ಠೇವಣಿ ಇಟ್ಟು ಪುಸ್ತಕವನ್ನು ತಂದವನು ಅದನ್ನು ಕೊಂಡುಕೊಂಡಂತಾಗಲಿಲ್ಲ. ಠೇವಣಿಯು ‘ನಾನು ಮರಳಿ ಬರುತ್ತೇನೆ’ ಎಂಬ ವಾಗ್ದಾನಕ್ಕೆ ಇಟ್ಟ ಈಡು. ಈಡು ಮುಳುಗಿದರೆ ಕೊಟ್ಟ ಮಾತು ಮುಳುಗಬೇಕೆಂದೇನೂ ಇಲ್ಲ.

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುವುದು ಆತನ ಕಾಯಕವಾಗಿತ್ತು. ಒಂದು ದಿನ ಆತನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿಯಾದ ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಅಲ್ಲಿ ಬೀಗವಿರಲಿಲ್ಲ, ನಾಣ್ಯವಿರಲಿಲ್ಲ, ಲೆಕ್ಕ ಕೇಳುವ ಕರಣಿಕನೂ ಇರಲಿಲ್ಲ. ಆ ಅಕ್ಕಿಯನ್ನು ಯಾರೂ ಅವರದಲ್ಲವೆಂದು ಹೇಳಿರಲಿಲ್ಲ. ಆದರೂ ಅದು ಮರಳಿಹೋಯಿತು. ಏಕೆಂದರೆ ಆ ದಂಪತಿಗಳ ಬೀಗವು ಒಳಗಿತ್ತು. ಹಿಡಿ ಅಕ್ಕಿಯನ್ನು ಮರಳಿಸಿದ ದಾರಿಯೇ ಬರಿದಾದ ಗಾಡಿಯನ್ನು ಮರಳಿಸುವ ದಾರಿಯೂ ಹೌದು. ತನಗೆ ಬೇಕಾದಷ್ಟು ಹೊತ್ತು ಗಾಡಿಯು ತನ್ನದು. ಬೇಡವಾದೊಡನೆ ಅದು ಮುಂದೆ ಬರುವವನದು. ಅದನ್ನು ಬಯಲಿನಲ್ಲಿ ಬಿಟ್ಟುಹೋದವನು ಮುಂದೆ ಬರುವವನ ಪಾಲನ್ನು ಹಿಡಿದಿಟ್ಟಂತಾಯಿತು.

ಹಾಗಾದರೆ ನಾಣ್ಯದ ವ್ಯವಸ್ಥೆಯೇ ತಪ್ಪೆಂದು ಹೇಳಬೇಕೆ? ಹಾಗಲ್ಲ. ವೀರಶೈವ ಶಾಸ್ತ್ರದಲ್ಲಿ ಅರಿವು, ಕುರುಹು ಎಂಬ ಎರಡು ಮಾತುಗಳುಂಟು. ಕುರುಹನ್ನು ಹಿಡಿದು ಅರಿವನ್ನು ಪಡೆಯಬೇಕು. ಕುರುಹನ್ನು ಹಿಡಿದೂ ಅರಿವನ್ನು ಮರೆತರೆ ಹಿಡಿದುದು ವ್ಯರ್ಥ. ಪರಮ ಪವಿತ್ರವಾದ ಇಷ್ಟಲಿಂಗದ ತತ್ತ್ವವನ್ನು ಅಂಗಡಿಯ ನಾಣ್ಯಕ್ಕೆ ಹೋಲಿಸುವುದು ಉಚಿತವಲ್ಲ. ಆದರೆ ಅದೇ ಯುಕ್ತಿಯನ್ನು ಲೌಕಿಕದಲ್ಲಿಯೂ ಅನ್ವಯಿಸಿಕೊಳ್ಳಬಹುದು. ನಾಣ್ಯವು ಹೊಣೆಯ ಕುರುಹು. ಸಾಮಾನು ತುಂಬುವ ಗಡಿಬಿಡಿಯಲ್ಲಿ ಮನಸ್ಸು ಮರೆತರೆ ನಾಣ್ಯವು ನೆನಪು ಮಾಡಿಕೊಡುತ್ತದೆ. ಇಂದು ಅನೇಕರು ಕೀಲಿಕೈಯ ಗೊಂಚಲಿನಲ್ಲಿ ನಾಣ್ಯದ ಬದಲು ಅದೇ ಗಾತ್ರದ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಇಟ್ಟುಕೊಂಡಿರುತ್ತಾರೆ. ಆ ಬಿಲ್ಲೆಯನ್ನು ಅಂಗಡಿಗಳೇ ಎಷ್ಟೋ ಸಲ ಪುಕ್ಕಟೆಯಾಗಿ ಹಂಚುತ್ತವೆ. ಪೇಟೆಯಲ್ಲಿ ಅದಕ್ಕೆ ಕಾಸಿನ ಬೆಲೆಯೂ ಇಲ್ಲ. ಆದರೂ ಬಿಲ್ಲೆ ಹಾಕಿದವರೂ ಗಾಡಿಯನ್ನು ತಂದು ನಿಲ್ಲಿಸಿ ಬಿಲ್ಲೆಯನ್ನು ತೆಗೆದುಕೊಂಡು ಹೋಗುವುದನ್ನು ಕಾಣಬಹುದು. ನಾಣ್ಯದ ಕೆಲಸವು ಬೆಲೆಯ ಕೆಲಸವಲ್ಲ, ನೆನಪಿನ ಕೆಲಸವೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಮಕ್ಕಳು ತಾಯಿಯ ಬೆರಳು ಹಿಡಿದು ನಡೆಯಲು ಕಲಿಯುವರು. ಬೆರಳನ್ನು ಬಿಟ್ಟ ಮೇಲೂ ನಡೆಯಬಲ್ಲವನು ನಡೆ ಕಲಿತವನು. ನಾಣ್ಯಕ್ಕಾಗಿ ಗಾಡಿಯನ್ನು ಮರಳಿಸುವವನು ಬೆರಳು ಹಿಡಿದು ನಡೆಯುವವನು, ಅವನನ್ನು ಹಳಿಯಬೇಕಾಗಿಲ್ಲ. ಬೀಗವಿಲ್ಲದ ದಿನವೂ ಮರಳಿಸುವವನು ಸ್ವತಂತ್ರನು. ಮರಳಿಸದವನಾದರೋ, ತಾನು ಇಷ್ಟು ದಿನ ನಡೆಯುತ್ತಿರಲಿಲ್ಲ, ನಾಣ್ಯವೇ ತನ್ನನ್ನು ನಡೆಯಿಸುತ್ತಿತ್ತು ಎಂಬುದನ್ನು ಲೋಕಕ್ಕೆ ಸಾರಿದಂತಾಯಿತು.

ಒಬ್ಬನು ಒಂದು ಗಾಡಿಯನ್ನು ಬಿಟ್ಟುಹೋದರೆ ಮುಳುಗುವುದೇನು ಎಂದು ಕೇಳುವವರುಂಟು. ನೆದರ್ಲೆಂಡ್ಸ್ ದೇಶದ ಗ್ರೋನಿಂಗನ್ ನಗರದ ವಿದ್ವಾಂಸರು ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅವರ ವರದಿಯು 2008ರಲ್ಲಿ ಪ್ರಕಟವಾಯಿತು. ಅಂಗಡಿಯ ಪಕ್ಕದ ಕಾರುಮನೆಯೊಂದರಲ್ಲಿ ಗಾಡಿಗಳನ್ನು ಮರಳಿಸಿರೆಂಬ ಸೂಚನಾಫಲಕವನ್ನು ಹಾಕಿದ್ದರು. ಅಲ್ಲಿ ನಿಂತ ಕಾರುಗಳ ಗಾಜಿಗೆ ಒಂದೊಂದು ಕರಪತ್ರವನ್ನು ಸಿಕ್ಕಿಸಿದರು. ಗಾಡಿಗಳೆಲ್ಲ ಸ್ವಸ್ಥಾನದಲ್ಲಿದ್ದ ವೇಳೆಯಲ್ಲಿ 100ಕ್ಕೆ 30 ಮಂದಿ ಆ ಕಾಗದವನ್ನು ನೆಲಕ್ಕೆ ಎಸೆದರು. ಫಲಕವನ್ನು ಲೆಕ್ಕಿಸದೆ ಯಾರೋ ಬಿಟ್ಟುಹೋದಂತೆ ನಾಲ್ಕು ಗಾಡಿಗಳನ್ನು ಅಲ್ಲಲ್ಲಿ ನಿಲ್ಲಿಸಿದ ವೇಳೆಯಲ್ಲಿ 58 ಮಂದಿ ಎಸೆದರು. ಗಾಡಿಗೂ ಕಾಗದಕ್ಕೂ ಏನು ಸಂಬಂಧ? ಒಂದು ನಿಯಮವು ಮುರಿದುದನ್ನು ಕಂಡ ಕಣ್ಣು ಇನ್ನೊಂದನ್ನು ಮುರಿಯಲು ಕೈಗೆ ಅನುಮತಿ ಕೊಟ್ಟಿತು. ಓಕ್ಲಹೋಮದಲ್ಲಿ ಒಬ್ಬರು ತಳ್ಳಿದುದನ್ನು ಕಂಡು ಎಲ್ಲರೂ ತಳ್ಳತೊಡಗಿದಂತೆ, ಒಬ್ಬರು ಬಿಟ್ಟುದನ್ನು ಕಂಡು ಎಲ್ಲರೂ ಬಿಡತೊಡಗುತ್ತಾರೆ. ಪಂಚಾಚಾರಗಳಲ್ಲಿ ಸದಾಚಾರದ ಜೊತೆಗೆ ಗಣಾಚಾರವನ್ನೂ ಹೇಳಿರುವುದು ಇದಕ್ಕಾಗಿಯೇ. ತನ್ನ ನಡೆಯು ತನಗೆ ಮಾತ್ರ ಸಂಬಂಧಿಸಿದುದಲ್ಲ. ನೋಡುವ ಸಮೂಹದ ನಡೆಯೂ ಅದರಲ್ಲಿ ಅಡಗಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಬಯಲಿನಲ್ಲಿ ನಿಂತ ಒಂಟಿ ಗಾಡಿಯನ್ನು ಕಂಡೊಡನೆ ಬಿಟ್ಟುಹೋದವನನ್ನು ನಿಂದಿಸಲು ಹೊರಡುವುದು ಸದಾಚಾರವಲ್ಲ. ಎಳೆಯ ಕೂಸನ್ನು ಕಾರಿನಲ್ಲಿ ಒಂಟಿಯಾಗಿ ಬಿಡಲಾರದ ತಾಯಿಯು ಬಿಟ್ಟಿರಬಹುದು, ಮೊಣಕಾಲ ನೋವಿನ ವೃದ್ಧನು ಬಿಟ್ಟಿರಬಹುದು, ಅಂಗವಿಕಲನೊಬ್ಬನು ಬಿಟ್ಟಿರಬಹುದು. ಶಕ್ತಿಯಿದ್ದಷ್ಟೇ ಹೊಣೆ. ಅಶಕ್ತನ ಹೊಣೆಯು ಹತ್ತಿರ ನಿಂತ ಶಕ್ತನಿಗೆ ಬರುತ್ತದೆ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರದ ಅರ್ಥವು ಇಲ್ಲಿ ಸ್ಪಷ್ಟವಾಗುವುದು. ತಾನು ಎಲ್ಲರಿಗೂ ಕಿರಿಯನೆಂದು ತಿಳಿದವನು, ‘ಇದು ನಾನು ಬಿಟ್ಟ ಗಾಡಿಯಲ್ಲ’ ಎಂದು ದಾಟಿ ಹೋಗದೆ, ತನ್ನದರ ಜೊತೆಗೆ ಅದನ್ನೂ ತಳ್ಳಿಕೊಂಡು ಹೋಗುತ್ತಾನೆ. ಆ ದೇಶಗಳಲ್ಲಿ ಒಂದು ಒಳ್ಳೆಯ ರೂಢಿಯೂ ಬೆಳೆದಿದೆ. ಗಾಡಿಯನ್ನು ಮರಳಿಸಲು ಬಂದವನು, ಆಗ ತಾನೇ ಬಂದ ಅಪರಿಚಿತನಿಗೆ ಅದನ್ನು ನಾಣ್ಯಸಹಿತವಾಗಿ ಒಪ್ಪಿಸಿ, ಅವನು ಕೊಡಬಂದ ನಾಣ್ಯವನ್ನು ಬೇಡವೆನ್ನುವುದುಂಟು. ಪಡೆದವನು ತಾನೂ ಇನ್ನೊಬ್ಬನಿಗೆ ಹಾಗೆಯೇ ಒಪ್ಪಿಸುತ್ತಾನೆ. ನಾಣ್ಯವನ್ನು ಬಿಟ್ಟುಕೊಡುವವರು ಇಬ್ಬರೇ ಬಗೆಯವರು: ಹೊಣೆಯನ್ನು ತಪ್ಪಿಸಿಕೊಳ್ಳಲು ಬಿಡುವವನೊಬ್ಬ, ಹೊಣೆಯನ್ನು ಪೂರೈಸಿದ ಮೇಲೆ ಸಂತೋಷಕ್ಕಾಗಿ ಬಿಡುವವನೊಬ್ಬ. ನಾಣ್ಯವು ಒಂದೇ, ಮೊದಲನೆಯದು ಪಲಾಯನ, ಎರಡನೆಯದು ದಾಸೋಹ.

ಕನ್ನಡ ನಾಡಿನ ಪಟ್ಟಣಗಳಲ್ಲಿಯೂ ಈಗ ಟ್ರಾಲಿಗಳಿರುವ ದೊಡ್ಡ ಅಂಗಡಿಗಳು ಬಂದಿವೆ. ಇಲ್ಲಿ ನಾಣ್ಯದ ಬೀಗವು ರೂಢಿಯಲ್ಲಿಲ್ಲ. ಗಾಡಿಗಳನ್ನು ಕೂಡಿಸಲು ಹುಡುಗರಿರುತ್ತಾರೆ. ಎಂದರೆ ಇಲ್ಲಿಯ ಗೃಹಸ್ಥನಿಗೆ ಬೀಗ ಕಳಚಿದ ದಿನವೇ ಪ್ರತಿದಿನವೂ. ಬೆರಳು ಹಿಡಿಸುವವರಿಲ್ಲದೆಯೇ ಅವನು ನಡೆಯಬೇಕು. ಆದರೆ ಇದು ಅವನಿಗೆ ಹೊಸ ಪಾಠವೂ ಅಲ್ಲ. ನೆರೆಮನೆಯಿಂದ ಎರವಲು ತಂದ ಪಾತ್ರೆಯನ್ನು ಬೆಳಗಿ, ಬರಿದಾಗಿ ಕೊಡಬಾರದೆಂದು ಏನಾದರೊಂದನ್ನು ಅದರಲ್ಲಿಟ್ಟು ಮರಳಿಸುವ ತಾಯಂದಿರು ಈ ನಾಡಿನವರು. ಆ ಪಾತ್ರೆಗೆ ಯಾವ ಠೇವಣಿಯನ್ನೂ ಯಾರೂ ಕೇಳಿರಲಿಲ್ಲ.

ಹೀಗಿದ್ದರೂ ಹಣದಿಂದ ಹೊಣೆಯನ್ನು ತೀರಿಸುವ ಭ್ರಾಂತಿಯು ಈಗ ಮನೆಮನೆಗಳನ್ನು ಹೊಕ್ಕಿದೆ. ಮಠದ ದಾಸೋಹಕ್ಕೆ ಮೂಟೆ ಅಕ್ಕಿಯನ್ನು ಕಳುಹಿಸಿದವನು ಉಂಡ ಎಲೆಯನ್ನು ಎತ್ತದೆ ಏಳುತ್ತಾನೆ. ಕೇಳಿದರೆ ಅಕ್ಕಿಯ ಲೆಕ್ಕವನ್ನು ಹೇಳುತ್ತಾನೆ. ವೃದ್ಧ ತಾಯಿತಂದೆಗಳಿಗೆ ತಿಂಗಳು ತಿಂಗಳು ಹಣವನ್ನು ಕಳುಹಿಸುವ ಮಗನು ವರ್ಷಕ್ಕೊಮ್ಮೆಯೂ ಅವರ ಬಳಿ ಕುಳಿತುಕೊಳ್ಳುವುದಿಲ್ಲ. ಕೇಳಿದರೆ ಬ್ಯಾಂಕಿನ ಲೆಕ್ಕವನ್ನು ತೋರಿಸುತ್ತಾನೆ. ಅವನು ಕೊಟ್ಟ ಹಣವು ಸುಳ್ಳಲ್ಲ. ಆದರೆ ಅದು ಬೀಗದಲ್ಲಿ ಸಿಕ್ಕಿಕೊಂಡ ನಾಣ್ಯ. ಗಾಡಿಯು ಇನ್ನೂ ಬಯಲಿನಲ್ಲಿಯೇ ನಿಂತಿದೆ. ತಾನು ಯಾರ ಹೆಗಲ ಮೇಲೆ ಕುಳಿತು ಇಷ್ಟು ದೂರ ಬಂದನೋ ಅವರನ್ನು ಸ್ವಸ್ಥಾನದಲ್ಲಿ, ಸಂತೋಷದಲ್ಲಿ ನಿಲ್ಲಿಸುವವರೆಗೆ ಅವನ ಹೊಣೆಯು ತೀರಲಾರದು. ಈ ಹೊಣೆಗೆ ಕೈ ಬೇಕು, ಕಾಲು ಬೇಕು, ಹೊತ್ತು ಬೇಕು. ಹಣವು ಇವುಗಳ ಜೊತೆಗೆ ಹೋಗಬಹುದೇ ಹೊರತು ಇವುಗಳ ಬದಲಿಗೆ ಹೋಗಲಾರದು.

ಆದುದರಿಂದ ಗಾಡಿಯನ್ನು ಮರಳಿಸುವ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರವು ಹೀಗೆ ನಿಲ್ಲುತ್ತದೆ. ಸ್ಥಳವನ್ನು ಒದಗಿಸುವುದು ವರ್ತಕನ ಹೊಣೆ. ಸಾಲನ್ನು ಕಾಯುವುದು ಆಳಿನ ಕಾಯಕ. ತೆಗೆದುದನ್ನು ಮರಳಿ ಇರಿಸುವುದು ತೆಗೆದವನ ಧರ್ಮ. ಅವನು ಅಶಕ್ತನಾದರೆ ಅದು ಕಂಡವನ ಧರ್ಮ. ಬೀಗವೂ ನಾಣ್ಯವೂ ಈ ಧರ್ಮವನ್ನು ನೆನಪಿಸಬಲ್ಲವು, ಹುಟ್ಟಿಸಲಾರವು, ತೀರಿಸಲಾರವು. ಈ ಕಾಯವೂ ಕೆಲವು ದಿನದ ಉಪಯೋಗಕ್ಕಾಗಿ ದೊರೆತ ಎರವಲು ಗಾಡಿಯೇ ಆಗಿದೆ. ಅದನ್ನೂ ಒಂದು ದಿನ ಒಡೆಯನಿಗೆ ಒಪ್ಪಿಸಬೇಕು. ಸಣ್ಣದನ್ನು ಒಪ್ಪವಾಗಿ ಮರಳಿಸುವುದನ್ನು ಕಲಿತವನಿಗೆ ದೊಡ್ಡದನ್ನು ಮರಳಿಸುವ ದಿನ ಅಂಜಿಕೆಯಿರಲಾರದು. ಹೊರಗಿನ ಬೀಗವು ಇಲ್ಲದಲ್ಲಿಯೂ ಒಳಗಿನ ಎಚ್ಚರವು ಎಲ್ಲ ಸದ್ಭಕ್ತರ ಮನೆಗಳಲ್ಲಿ ಬೆಳಗುವಂತೆ ಶ್ರೀಗುರುವು ಕರುಣಿಸಲಿ.